ಉಪನಗರದ ಮುಖ್ಯ ರಸ್ತೆಗೆ ಮತ್ತೆ ಜೀವ ಬರಬೇಕಾದರೆ ನಿಯಮಗಳಲ್ಲಿ ಏನಿರಬೇಕು?

ಪ್ರಶ್ನೆ: ನಮ್ಮ ಉಪನಗರದ ಪೇಟೆ ಒಂದು ಮುಖ್ಯ ರಸ್ತೆಯ ಎರಡೂ ಬದಿಗೆ ಹರಡಿಕೊಂಡಿದೆ. ಮೊದಲು ಜನ ತುಂಬಿರುತ್ತಿದ್ದ ಅಂಗಡಿ ಸಾಲು ಈಗ ಅರ್ಧ ಖಾಲಿ. ರಸ್ತೆಯಲ್ಲಿ ವಾಹನ ಮಾತ್ರ ಜಾಸ್ತಿ. ಈಗ ಸ್ಥಳೀಯ ಆಡಳಿತ ಹೊಸ ಕರಡು ಯೋಜನೆ ಪ್ರಕಟಿಸಿದೆ. ರಸ್ತೆಯುದ್ದಕ್ಕೂ 8 ಮಹಡಿಯವರೆಗೆ ಅನುಮತಿ, ಹೆಚ್ಚಿನ ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ), ಪ್ರತಿ ಹೊಸ ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ ಕಡ್ಡಾಯ. ಪಾರ್ಕಿಂಗ್ ನಿಯಮ ಮೊದಲಿನಂತೆಯೇ ಇರುತ್ತದಂತೆ. ರಸ್ತೆಯ ಬಗ್ಗೆ ಏನೂ ಹೇಳಿಲ್ಲ. ಇದರಿಂದ ಪೇಟೆ ಚೇತರಿಸುತ್ತದಾ? ಆಕ್ಷೇಪಣೆ ಸಲ್ಲಿಸಲು ಇನ್ನೂ ಸಮಯವಿದೆ. ಏನು ಬರೆಯಬೇಕು?

ಉತ್ತರ: ನೀವು ಹೇಳಿದ ಕರಡು ಹಾಗೇ ಜಾರಿಯಾದರೆ ಕಟ್ಟಡಗಳು ಬರಬಹುದು, ಪೇಟೆ ಬರುವುದು ಅನುಮಾನ. 8 ಮಹಡಿಯಿಂದ ನನಗೆ ತೊಂದರೆ ಇಲ್ಲ. ತೊಂದರೆ ಇರುವುದು ಬೇರೆ ಮೂರು ಕಡೆ. ಇಡೀ ರಸ್ತೆಗೆ ಅಂಗಡಿ ಕಡ್ಡಾಯ ಮಾಡಿರುವುದು ತಪ್ಪು. ಪಾರ್ಕಿಂಗ್ ನಿಯಮ ಮುಟ್ಟದೆ ಬಿಟ್ಟಿರುವುದು ಅದಕ್ಕಿಂತ ದೊಡ್ಡ ತಪ್ಪು. ರಸ್ತೆಯ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಎಲ್ಲಕ್ಕಿಂತ ದೊಡ್ಡದು. ಪೇಟೆಯ ಬದುಕು ನಿರ್ಧಾರವಾಗುವುದು ನೆಲದಿಂದ ಮೊದಲ ನಾಲ್ಕೈದು ಮೀಟರ್ ಎತ್ತರದೊಳಗೆ, ಮತ್ತು ಅಂಗಡಿ ಬಾಗಿಲಿನಿಂದ ರಸ್ತೆಯ ಮಧ್ಯದವರೆಗಿನ ಜಾಗದಲ್ಲಿ. ನಿಮ್ಮ ಕರಡು ಈ ಎರಡರ ಬಗ್ಗೆಯೇ ಕಡಿಮೆ ಮಾತಾಡುತ್ತಿದೆ.

ಆದರೂ ಎತ್ತರದಿಂದಲೇ ಶುರು ಮಾಡೋಣ. ಸಭೆಗಳಲ್ಲಿ ಜಗಳವೆಲ್ಲ ನಡೆಯುವುದು ಅದರ ಮೇಲೇ ಅಲ್ವಾ? 8 ಬೇಡ 5 ಸಾಕು ಅಂತ ಒಂದು ಗುಂಪು, 8 ಸಾಲದು 12 ಬೇಕು ಅಂತ ಇನ್ನೊಂದು. ಅಂಗಡಿ ಉಳಿಯಬೇಕಾದರೆ ನಡೆದು ಬರುವಷ್ಟು ದೂರದಲ್ಲಿ ಸಾಕಷ್ಟು ಮನೆಗಳಿರಬೇಕು. ಹಾಗಾಗಿ ಪೇಟೆಯ ಸುತ್ತ ಮನೆ ಹೆಚ್ಚಿಸುವುದು ಒಳ್ಳೆಯ ಗುರಿ. ಆದರೆ ಎತ್ತರ ಮತ್ತು ಎಫ್‌ಎಆರ್ ಅನುಮತಿ ಕೊಡುತ್ತವೆ ಅಷ್ಟೇ. ಯಾರ ಕೈಯಲ್ಲೂ ಕಟ್ಟಿಸುವುದಿಲ್ಲ. ಅನುಮತಿ ಸಿಗುತ್ತದೆ ಅನ್ನುವ ಸುದ್ದಿ ಬಂದ ಕೂಡಲೇ ಜಾಗದ ಬೆಲೆ ಏರುತ್ತದೆ. ಮಾಲೀಕರು ಕಾಯಲು ಶುರು ಮಾಡುತ್ತಾರೆ. ನಾಳೆ ಕೆಡವುವ ಕಟ್ಟಡಕ್ಕೆ ಇವತ್ತು ಯಾರು ಬಣ್ಣ ಹೊಡೆಸುತ್ತಾರೆ? ಬಾಡಿಗೆ ಕರಾರು ಒಂದು ವರ್ಷ, ಆರು ತಿಂಗಳಿಗೆ ಇಳಿಯುತ್ತದೆ. ಅಷ್ಟು ಕಡಿಮೆ ಅವಧಿಗೆ ಒಳ್ಳೆಯ ವ್ಯಾಪಾರಿ ದುಡ್ಡು ಹಾಕುವುದಿಲ್ಲ. ಹೀಗೆ ಪುನಶ್ಚೇತನದ ಯೋಜನೆಯೇ ಪೇಟೆಯನ್ನು ಹಲವು ವರ್ಷ ಇನ್ನಷ್ಟು ಸೊರಗಿಸಬಹುದು.

ಸಿಡ್ನಿಯ ಪ್ಯಾರಮಟ್ಟಾ ರಸ್ತೆ ಇದಕ್ಕೆ ಹತ್ತಿರದ ಉದಾಹರಣೆ. ಸುಮಾರು 20 ಕಿಲೋಮೀಟರ್ ಉದ್ದದ ಈ ರಸ್ತೆ ಪಟ್ಟಿಗೆ 2016ರ ನವೆಂಬರ್‌ನಲ್ಲಿ ಸರ್ಕಾರ ದೊಡ್ಡ ಪರಿವರ್ತನಾ ಯೋಜನೆ ಪ್ರಕಟಿಸಿತು. ಆದರೆ ರಸ್ತೆ ಹಲವು ಸ್ಥಳೀಯ ಆಡಳಿತಗಳ ಗಡಿಯಲ್ಲಿ ಹಾದುಹೋಗುತ್ತದೆ. ಒಂದೊಂದು ಆಡಳಿತವೂ ತನ್ನ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ತಿದ್ದಬೇಕಿತ್ತು, ಆ ಕೆಲಸ ವರ್ಷಗಟ್ಟಲೆ ಎಳೆಯಿತು. ಆದ್ದರಿಂದ ಎತ್ತರದ ಬಗ್ಗೆ ವಾದಿಸುವ ಮೊದಲು ನೀವು ಕೇಳಬೇಕಾದ್ದು ಬೇರೆ: ಈ ನಿಯಮ ಯಾವಾಗ ಕಾನೂನಾಗುತ್ತದೆ, ಅದುವರೆಗೆ ಈಗಿನ ಅಂಗಡಿಗಳ ಗತಿ ಏನು?

ಎತ್ತರಕ್ಕೆ ಸಂಬಂಧಿಸಿ ಇನ್ನೊಂದು ವಿಷಯ ಇದೆ. ಅದನ್ನು ಯಾರೂ ಸಭೆಯಲ್ಲಿ ಎತ್ತುವುದಿಲ್ಲ. ನಿಮ್ಮ ಸೈಟುಗಳ ಅಳತೆ ಎಷ್ಟು? ಹಳೆಯ ಪೇಟೆ ಬೀದಿಗಳಲ್ಲಿ ಸೈಟು ಸಾಮಾನ್ಯವಾಗಿ ಕಿರಿದಾಗಿರುತ್ತದೆ, ಹಿಂದೆ ಒಂದೆರಡು ಮಹಡಿಯ ಮನೆಗಳಿರುತ್ತವೆ. ಕಾಗದದಲ್ಲಿ 8 ಮಹಡಿ ಅಂತ ಬರೆದರೂ ಆ ಸೈಟಿನಲ್ಲಿ 8 ಮಹಡಿ ಕೂರುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ.

ಟೊರಾಂಟೊ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ ನಗರ. ತನ್ನ ಉದ್ದುದ್ದ ಮುಖ್ಯ ರಸ್ತೆಗಳ ಪಕ್ಕದಲ್ಲಿ ಮಧ್ಯಮ ಎತ್ತರದ ಕಟ್ಟಡಗಳು ಬರಲಿ ಎಂದು 2010ರಲ್ಲಿ ಒಂದು ಅಧ್ಯಯನ ಮಾಡಿಸಿತು. ಅದರ ಮುಖ್ಯ ಸೂತ್ರ ಸರಳ: ರಸ್ತೆ ಎಷ್ಟು ಅಗಲವೋ ಕಟ್ಟಡ ಅಷ್ಟೇ ಎತ್ತರ. 20 ಮೀಟರ್ ರಸ್ತೆಗೆ ಸುಮಾರು 6 ಮಹಡಿ, 36 ಮೀಟರ್ ರಸ್ತೆಗೆ ಸುಮಾರು 11 ಮಹಡಿ. ಮಾರ್ಚ್ 21ರಿಂದ ಸೆಪ್ಟೆಂಬರ್ 21ರವರೆಗೆ ಫುಟ್‌ಪಾತ್ ಮೇಲೆ ದಿನಕ್ಕೆ ಕನಿಷ್ಠ 5 ಗಂಟೆ ಬಿಸಿಲು ಬೀಳಬೇಕು. ಹಿಂದಿನ ಮನೆಗಳ ಕಡೆ 45 ಡಿಗ್ರಿ ಓರೆಯ ಒಂದು ಗೆರೆ ಎಳೆದು, ಕಟ್ಟಡ ಆ ಗೆರೆ ದಾಟಬಾರದು ಅಂದರು. ಮೊದಲೆರಡು ನಿಯಮ ನನಗೆ ತುಂಬಾ ಇಷ್ಟ. ರಸ್ತೆಯ ಅಗಲವನ್ನೇ ಅಳತೆಗೋಲು ಮಾಡಿಕೊಂಡರೆ ಎತ್ತರದ ಜಗಳಕ್ಕೆ ಒಂದು ಆಧಾರ ಸಿಗುತ್ತದೆ. ಸುಮ್ನೆ ಒಂದು ಸಂಖ್ಯೆ ಹಿಡಿದು ಎಳೆದಾಡುವುದು ತಪ್ಪುತ್ತದೆ.

ಆದರೆ ಮೂರನೆಯ ನಿಯಮ ಕಷ್ಟ ತಂದಿತು. ಸೈಟಿನ ಆಳ ಕಡಿಮೆ ಇದ್ದರೆ ಆ 45 ಡಿಗ್ರಿ ಗೆರೆ ಮೇಲಿನ ಮಹಡಿಗಳನ್ನೆಲ್ಲ ಕತ್ತರಿಸಿಬಿಡುತ್ತದೆ. ಉಳಿದ ಮಹಡಿಗಳು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತವೆ. ಪ್ರತಿ ಮೆಟ್ಟಿಲಲ್ಲೂ ಹೊಸ ತಾರಸಿ, ಹೊಸ ನೀರು ತಡೆ, ಕಂಬದ ಜಾಗ ಬದಲು. ಖರ್ಚು ಏರುತ್ತದೆ, ಮನೆ ಕಡಿಮೆಯಾಗುತ್ತದೆ. ಕೊನೆಗೆ ನಗರವೇ ಆ ಹಿಂಬದಿಯ ನಿಯಮವನ್ನು ಸಡಿಲಿಸಬೇಕಾಯಿತು.

ಅಗಲದ ಕಡೆಗೂ ಇದೇ ಕಥೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಅಪಾರ್ಟ್‌ಮೆಂಟ್ ವಿನ್ಯಾಸ ಮಾರ್ಗಸೂಚಿ ನೋಡಿ. 4 ಮಹಡಿಯವರೆಗಿನ ಎರಡು ಕಟ್ಟಡಗಳಲ್ಲಿ ವಾಸದ ಕೋಣೆಗಳ ಕಿಟಕಿಗಳು ಎದುರುಬದುರಾಗಿದ್ದರೆ ನಡುವೆ 12 ಮೀಟರ್ ಅಂತರ ಇರಬೇಕು ಅನ್ನುತ್ತದೆ. 5ರಿಂದ 8 ಮಹಡಿಗೆ 18 ಮೀಟರ್, ಅದಕ್ಕಿಂತ ಮೇಲೆ 24. ಅಂದರೆ ಕೆಳಗಿನ ಮಹಡಿಗಳಲ್ಲೇ ಇಬ್ಬರು ಮಾಲೀಕರೂ ತಲಾ 6 ಮೀಟರ್ ಬಿಡಬೇಕು. ನಿಮ್ಮ ಸೈಟು 12 ಮೀಟರ್ ಅಗಲ ಇದ್ದರೆ? ಎರಡೂ ಬದಿಗೆ 6 ಬಿಟ್ಟ ಮೇಲೆ ಕಟ್ಟಲು ಏನೂ ಉಳಿಯುವುದಿಲ್ಲ. ಪಕ್ಕಕ್ಕೆ ಕಿಟಕಿಯೇ ಇಡದೆ, ಗೋಡೆಗೆ ಗೋಡೆ ತಾಗಿಸಿ, ಮುಂದೆ ಹಿಂದೆ ಮಾತ್ರ ಬೆಳಕು ತೆಗೆದುಕೊಳ್ಳುವ ಹಾಗೆ ಕಟ್ಟಬೇಕು. ಇಲ್ಲವೇ ನಾಲ್ಕೈದು ಸೈಟು ಕೂಡಿಸಬೇಕು. ಹಳೆಯ ಪೇಟೆ ಬೀದಿಗೆ ಮೊದಲನೆಯದೇ ಸರಿ. ಕೆಳಗಿನ ಮೂರು ನಾಲ್ಕು ಮಹಡಿ ಗೋಡೆಗೆ ಗೋಡೆ ಸೇರಿ ನಿಂತರೆ ಅಂಗಡಿ ಸಾಲು ಮುರಿಯುವುದಿಲ್ಲ.

ಹೆಚ್ಚಿನ ಯೋಜನೆಗಳು ಸೈಟು ಕೂಡಿಸಿದವರಿಗೆ ಬೋನಸ್ ಎಫ್‌ಎಆರ್ ಕೊಡುತ್ತವೆ. ಅದರಲ್ಲಿ ಲಾಭವೂ ಇದೆ. ಐದು ಗ್ಯಾರೇಜ್ ಬಾಗಿಲಿನ ಬದಲು ಹಿಂದಿನ ಗಲ್ಲಿಯಿಂದ ಒಂದೇ ಪ್ರವೇಶ ಮಾಡಬಹುದು. ಆದರೆ ಕೂಡಿಸಿದ ಸೈಟಿನಲ್ಲಿ ಬರುವ ಕಟ್ಟಡಕ್ಕೆ 50, 60 ಮೀಟರ್ ಉದ್ದದ ಮುಖ ಬರುತ್ತದೆ. ಮೊದಲು ಎಂಟು ಅಂಗಡಿ ಇದ್ದ ಕಡೆ ಒಂದು ಸೂಪರ್ ಮಾರ್ಕೆಟ್ಟಿನ ಗಾಜು, ಅದರ ಮೇಲೆ ಪೋಸ್ಟರ್, ಬಾಗಿಲು ಒಂದೇ. ಬೋನಸ್ ಕೊಡುವ ನಿಯಮದಲ್ಲೇ ಬಾಗಿಲುಗಳ ಲೆಕ್ಕವನ್ನೂ ಕಟ್ಟಿಹಾಕದಿದ್ದರೆ ಪೇಟೆ ಸಾಯುವುದಕ್ಕೆ ಬೋನಸ್ ಕೊಟ್ಟಂತಾಗುತ್ತದೆ.

ಬಾಗಿಲ ಲೆಕ್ಕ ಅಂದೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಬೀದಿಗಳಲ್ಲಿ ನಿಂತು ಜನ ಎಲ್ಲಿ ನಿಧಾನ ಮಾಡುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಸರಸರ ದಾಟಿಹೋಗುತ್ತಾರೆ ಎಂದು ದಶಕಗಟ್ಟಲೆ ಎಣಿಸಿದವರು. ಅವರ ಪ್ರಕಾರ ಚುರುಕಾದ ಬೀದಿಯಲ್ಲಿ 100 ಮೀಟರಿಗೆ 15ರಿಂದ 20 ಬಾಗಿಲುಗಳಿರುತ್ತವೆ. ಅಂದರೆ ಐದಾರು ಮೀಟರಿಗೊಂದು. ನಡೆಯುವವರಿಗೆ ಪ್ರತಿ ನಾಲ್ಕೈದು ಸೆಕೆಂಡಿಗೆ ನೋಡಲು ಹೊಸದೇನೋ ಸಿಗುತ್ತದೆ. ನಿಮ್ಮ ಪೇಟೆಯ ಹಳೆಯ ಅಂಗಡಿಗಳ ಅಗಲ ಅಳೆದು ನೋಡಿ, ಬಹುತೇಕ ಇದೇ ಅಳತೆ ಸಿಗುತ್ತದೆ. ಹಾಗಾಗಿ ಹೊಸ ಕಟ್ಟಡ ಎಷ್ಟೇ ಉದ್ದವಿರಲಿ, ರಸ್ತೆ ಕಡೆಗೆ 6 ಅಥವಾ 8 ಮೀಟರಿಗೊಂದು ಬಾಗಿಲು ಇರಬೇಕು, ದೊಡ್ಡ ಮಳಿಗೆ ಬೇಕಿದ್ದರೆ ಅದು ಹಿಂದಕ್ಕೆ ಹೋಗಿ ಮುಂದೆ ಸಣ್ಣ ಅಂಗಡಿಗಳನ್ನು ಹೊದ್ದುಕೊಳ್ಳಲಿ ಅಂತ ನಿಯಮದಲ್ಲಿ ಬರೆಸಬಹುದು. ಇದು ಬಿಲ್ಡರಿಗೆ ದೊಡ್ಡ ಖರ್ಚಿನ ವಿಷಯವೂ ಅಲ್ಲ.

ನೆಲಮಹಡಿಯ ಎತ್ತರವೂ ಅಷ್ಟೇ ಮುಖ್ಯ. ಟೊರಾಂಟೊ ಅಧ್ಯಯನ ನೆಲದಿಂದ ಮುಂದಿನ ಮಹಡಿಯ ನೆಲಕ್ಕೆ ಕನಿಷ್ಠ 4.5 ಮೀಟರ್ ಕೇಳಿತು. ಬರೀ ಮಹಡಿ ಸಂಖ್ಯೆ ಅಥವಾ ಬಿಗಿಯಾದ ಒಟ್ಟು ಎತ್ತರ ಮಾತ್ರ ಕೊಟ್ಟರೆ ಬಿಲ್ಡರ್ ಕೆಳಗಿನ ಅಂಗಡಿಯಿಂದ ಎತ್ತರ ಕದ್ದು ಮೇಲೆ ಇನ್ನೊಂದು ಮಹಡಿ ತುರುಕುತ್ತಾರೆ. 3 ಮೀಟರ್ ಎತ್ತರದ ಅಂಗಡಿಯಲ್ಲಿ ಹೊಗೆ ಕೊಳವೆ, ಏಸಿ ಕೊಳವೆ, ದೀಪ ಎಲ್ಲ ಹಾಕಿದ ಮೇಲೆ ಉಸಿರಾಡಲೂ ಜಾಗ ಇರಲ್ಲ. ಹೋಟೆಲು ಬರಬೇಕಾದರೆ ಅಡುಗೆ ಹೊಗೆ ತಾರಸಿಯವರೆಗೆ ಹೋಗುವ ಕೊಳವೆ ಮಾರ್ಗ ಮೊದಲೇ ಇರಬೇಕು. ಕಟ್ಟಿದ ಮೇಲೆ ಎಂಟು ಮಹಡಿ ಕೊರೆದು ಅದನ್ನು ಹಾಕಲು ಆಗುವುದಿಲ್ಲ. ಅಂಗಡಿಯ ನೆಲ ಫುಟ್‌ಪಾತಿನ ಮಟ್ಟಕ್ಕೇ ಇರಬೇಕು. ಮೂರು ಮೆಟ್ಟಿಲು ಹತ್ತಿ ಹೋಗುವ ಅಂಗಡಿಗೆ ವ್ಹೀಲ್‌ಚೇರ್ ಹೋಗದು, ಮಗುವಿನ ಗಾಡಿ ಹೋಗದು, ಸುಮ್ನೆ ಇಣುಕಿ ನೋಡುವವರೂ ಹೋಗರು. ಟ್ರಾನ್ಸ್‌ಫಾರ್ಮರ್, ಕಸದ ಕೋಣೆ, ಬೆಂಕಿ ನಂದಿಸುವ ಪಂಪು ಇವೆಲ್ಲ ಕಿರಿದಾದ ಮುಖವನ್ನು ನುಂಗಿಬಿಡುತ್ತವೆ. ಇವಕ್ಕೆ ಮುಖ್ಯ ರಸ್ತೆಯ ಮುಖದಲ್ಲಿ ಇಂತಿಷ್ಟೇ ಜಾಗ ಎಂದು ಮಿತಿ ಹಾಕಬೇಕು. ಈ ಸಣ್ಣ ಸಣ್ಣ ಸಾಲುಗಳೇ ಪೇಟೆಯನ್ನು ಉಳಿಸುವುದು.

ಸೆಟ್‌ಬ್ಯಾಕ್, ಅಂದರೆ ರಸ್ತೆ ಅಂಚಿನಿಂದ ಕಟ್ಟಡದವರೆಗೆ ಬಿಡಬೇಕಾದ ಜಾಗ, ಇದರ ವಿಷಯದಲ್ಲೂ ಯೋಚನೆ ತಿರುಗಿಸಬೇಕು. ಸಾಮಾನ್ಯ ನಿಯಮ ಕನಿಷ್ಠ ಇಷ್ಟು ಹಿಂದೆ ಸರಿಯಿರಿ ಅನ್ನುತ್ತದೆ. ಬಿಟ್ಟ ಜಾಗದಲ್ಲಿ ಕಾರು ನಿಲ್ಲುತ್ತವೆ. ಪೇಟೆ ಬೀದಿಗೆ ಬೇಕಾದ್ದು ಇಲ್ಲಿಯವರೆಗೆ ಬಂದೇ ಕಟ್ಟಬೇಕು ಅನ್ನುವ ಗೆರೆ. ಅಮೆರಿಕದ ವರ್ಜೀನಿಯಾದಲ್ಲಿ ಆರ್ಲಿಂಗ್ಟನ್ ಕೌಂಟಿ ತನ್ನ ಕೊಲಂಬಿಯಾ ಪೈಕ್ ರಸ್ತೆಗೆ 2003ರಲ್ಲಿ ಇಂಥ ರೂಪ ಆಧರಿತ ನಿಯಮ ತಂದಿತು. ಸುಮಾರು ಐದೂವರೆ ಕಿಲೋಮೀಟರ್ ಉದ್ದದ ಉಪನಗರ ರಸ್ತೆ ಅದು. ಕಟ್ಟಡದ ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕಿಂತ ಅದು ಬೀದಿಗೆ ಹೇಗೆ ಮುಖ ಕೊಡುತ್ತದೆ ಅನ್ನುವುದಕ್ಕೆ ಆ ನಿಯಮದಲ್ಲಿ ಹೆಚ್ಚು ತೂಕ. ಎಲ್ಲಿ ಅಂಗಡಿ ಇರಲೇಬೇಕು, ಎಲ್ಲಿ ಮನೆ ಸಾಕು ಎಂದು ರಸ್ತೆಯ ಒಂದೊಂದು ತುಂಡಿಗೂ ನಕ್ಷೆಯಲ್ಲಿ ಗುರುತು ಹಾಕಿದರು. ಅವರು ಮಾಡಿದ ಜಾಣತನ ಇನ್ನೊಂದಿದೆ. ಹಳೆಯ ಝೋನಿಂಗ್ ರದ್ದು ಮಾಡಲಿಲ್ಲ. ಹೊಸ ನಿಯಮ ಪಾಲಿಸಿದರೆ ಒಪ್ಪಿಗೆ ಬೇಗ ಸಿಗುತ್ತದೆ ಎಂದರು. ಆ ರಸ್ತೆಗೆ ಬರಬೇಕಿದ್ದ ಟ್ರಾಮ್ ಯೋಜನೆ 2014ರಲ್ಲಿ ರದ್ದಾಯಿತು. ಆದರೂ ನಿಯಮ ನಿಂತಿತು, ಕಟ್ಟಡಗಳು ಬರುತ್ತಲೇ ಹೋದವು.

ಈಗ ನಿಮ್ಮ ಕರಡಿನ ಅಂಗಡಿ ಕಡ್ಡಾಯದ ಸಾಲಿಗೆ ಬರುತ್ತೇನೆ. ಓದಲು ಚಂದ, ಆದರೆ ಲೆಕ್ಕ ಹಾಕಿ ನೋಡಿ. 3 ಕಿಲೋಮೀಟರ್ ರಸ್ತೆ, ಎರಡೂ ಬದಿ ಸೇರಿ 6 ಕಿಲೋಮೀಟರ್ ಮುಖ. 6 ಮೀಟರಿಗೊಂದು ಅಂಗಡಿ ಅಂದರೆ 1,000 ಅಂಗಡಿ. ಒಂದು ಉಪನಗರ ಅಷ್ಟನ್ನು ಸಾಕಲು ಸಾಧ್ಯವಾ? ಅದೂ ಜನ ಫೋನಿನಲ್ಲೇ ಅರ್ಧ ಸಾಮಾನು ತರಿಸಿಕೊಳ್ಳುವ ಈ ಕಾಲದಲ್ಲಿ. ಬಿಲ್ಡರ್ ನಿಯಮಕ್ಕಾಗಿ ಅಂಗಡಿ ಕಟ್ಟುತ್ತಾರೆ, ಅದರ ನಷ್ಟವನ್ನು ಮೇಲಿನ ಮನೆಗಳ ಬೆಲೆಗೆ ಸೇರಿಸುತ್ತಾರೆ, ಅಂಗಡಿ ಖಾಲಿ ಉಳಿಯುತ್ತದೆ. ಗಾಜಿಗೆ ಕಾಗದ ಅಂಟಿಸಿದ ಹೊಸ ಅಂಗಡಿಗಳ ಸಾಲು ಹಳೆಯ ಮುಚ್ಚಿದ ಅಂಗಡಿಗಳಿಗಿಂತ ಏನೂ ಮೇಲಲ್ಲ.

ಇದರ ವಿರುದ್ಧ ತುದಿಯೂ ಇದೆ. ಇಂಗ್ಲೆಂಡ್ 2020ರ ಸೆಪ್ಟೆಂಬರ್‌ನಲ್ಲಿ ಅಂಗಡಿ, ಕಚೇರಿ, ಹೋಟೆಲು, ಕ್ಲಿನಿಕ್, ಜಿಮ್ ಎಲ್ಲವನ್ನೂ ಒಂದೇ ಬಳಕೆ ವರ್ಗಕ್ಕೆ ಸೇರಿಸಿತು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಯೋಜನಾ ಅನುಮತಿ ಬೇಡ ಅಂದಿತು. ಇದು ಒಳ್ಳೆಯ ಹೆಜ್ಜೆ. ಬಟ್ಟೆ ಅಂಗಡಿ ಮುಚ್ಚಿದ ಕಡೆ ದಂತ ವೈದ್ಯರು ಬರಬಹುದಾದರೆ ಬರಲಿ. ಆದರೆ 2021ರ ಆಗಸ್ಟ್‌ನಿಂದ ಆ ವರ್ಗದ ಕಟ್ಟಡಗಳನ್ನು ಪೂರ್ತಿ ಅರ್ಜಿ ಪ್ರಕ್ರಿಯೆ ಇಲ್ಲದೆ ಮನೆಗಳಾಗಿ ಬದಲಾಯಿಸಲೂ ದಾರಿ ಬಿಟ್ಟಿತು. ಪೇಟೆಯ ನಟ್ಟನಡುವೆ ಎರಡು ಅಂಗಡಿ ಮನೆಗಳಾದರೆ ಅಲ್ಲಿ ಪರದೆ ಎಳೆದ ಕಿಟಕಿ ಬರುತ್ತದೆ, ಸಾಲು ಕಡಿಯುತ್ತದೆ. ಮತ್ತೆ ಅಂಗಡಿಯಾಗುವುದು ತೀರಾ ಅಪರೂಪ.

ನನ್ನ ಸಲಹೆ ಇವೆರಡರ ನಡುವೆ ಇದೆ. ನಿಲ್ದಾಣದ ಸುತ್ತ, ಅಥವಾ ಈಗಲೂ ಜನ ಜಾಸ್ತಿ ಓಡಾಡುವ ಕಡೆ, 400ರಿಂದ 500 ಮೀಟರಿನ ಒಂದು ತುಂಡನ್ನು ಆರಿಸಿ. ಅಲ್ಲಿ ಮಾತ್ರ ಅಂಗಡಿ ಕಡ್ಡಾಯ. ಅಲ್ಲಿಯೂ ಅಂಗಡಿ ಅಂದರೆ ಬರೀ ಮಾರಾಟ ಅಂತಲ್ಲ. ಕ್ಲಿನಿಕ್, ಗ್ರಂಥಾಲಯ, ದುರಸ್ತಿ, ಟ್ಯೂಷನ್, ಊಟ, ಬಾಗಿಲು ತೆರೆದಿಡುವ ಯಾವುದೇ ಕೆಲಸ ಸರಿ. ಅದರಾಚೆ ನೆಲಮಹಡಿಯಲ್ಲಿ ಮನೆ, ಕಚೇರಿ, ವರ್ಕ್‌ಶಾಪ್ ಯಾವುದೂ ಇರಲಿ, ಆದರೆ 4 ಮೀಟರಿಗಿಂತ ಹೆಚ್ಚು ಎತ್ತರ ಮತ್ತು ರಸ್ತೆ ಕಡೆ ಬಾಗಿಲು ಇರಲಿ. ಮುಂದೆ ಬೇಡಿಕೆ ಬಂದಾಗ ಅದೇ ಜಾಗ ಅಂಗಡಿಯಾಗುತ್ತದೆ. ಪೇಟೆಯ ಉದ್ದ ಕಡಿಮೆ ಮಾಡುವುದು ಸೋಲೊಪ್ಪಿದಂತೆ ಅಂತ ಕೆಲವರಿಗೆ ಅನ್ನಿಸುತ್ತದೆ. ಹಾಗೇನಿಲ್ಲ. ಚದುರಿದ ವ್ಯಾಪಾರ ಒಂದೆಡೆ ಸೇರಿದರೆ ಒಂದು ಅಂಗಡಿಗೆ ಬಂದವರು ಪಕ್ಕದ ಮೂರು ಅಂಗಡಿಗೂ ಹೋಗುತ್ತಾರೆ.

ಪಾರ್ಕಿಂಗ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಾಯುತ್ತಿರುವ ಪೇಟೆಯಲ್ಲಿ ಕನಿಷ್ಠ ಪಾರ್ಕಿಂಗ್ ನಿಯಮವನ್ನು, ಅಂದರೆ ಪ್ರತಿ ಕಟ್ಟಡ ಇಂತಿಷ್ಟು ಕಾರಿಗೆ ಜಾಗ ಬಿಡಲೇಬೇಕು ಅನ್ನುವುದನ್ನು, ಹಾಗೇ ಇಟ್ಟು ಪುನಶ್ಚೇತನದ ಮಾತಾಡುವುದರಲ್ಲಿ ಅರ್ಥವಿಲ್ಲ. ಒಂದು ಕಾರು ನಿಲ್ಲಲು, ಅದು ತಿರುಗುವ ದಾರಿಯೂ ಸೇರಿ, 25ರಿಂದ 30 ಚದರ ಮೀಟರ್ ಬೇಕು. 25 ಚದರ ಮೀಟರ್ ಅಂಗಡಿಗೆ ಒಂದು ಕಾರು ಅನ್ನುವ ನಿಯಮವಿದ್ದರೆ ಅಂಗಡಿಯಷ್ಟೇ ಜಾಗ, ಅಥವಾ ಅದಕ್ಕಿಂತ ಜಾಸ್ತಿ, ಕಾರಿಗೆ ಹೋಗುತ್ತದೆ. ಕಿರಿದಾದ ಹಳೆಯ ಸೈಟಿನಲ್ಲಿ ಅದು ಅಸಾಧ್ಯ. ನೆಲದಡಿ ಅಗೆಯೋಣ ಅಂದರೆ ಇಳಿಜಾರು ದಾರಿಯೇ ಸೈಟು ಪೂರ್ತಿ ತಿನ್ನುತ್ತದೆ. ಹಾಗಾಗಿ ಕಟ್ಟುವವರು ದೊಡ್ಡ ಬಿಲ್ಡರ್ ಮಾತ್ರ, ಅದೂ ಸೈಟು ಕೂಡಿಸಿ. ನಿಮ್ಮ ಪಕ್ಕದ ಅಂಗಡಿ ಮಾಲೀಕರು ತಮ್ಮದೇ ಸೈಟಿನಲ್ಲಿ ನಾಲ್ಕು ಮಹಡಿ ಕಟ್ಟುವ ದಾರಿಯನ್ನು ಈ ಒಂದೇ ನಿಯಮ ಮುಚ್ಚಿಬಿಡುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಹಾನಿ ಬಳಕೆ ಬದಲಾವಣೆಯಲ್ಲಿ ಆಗುತ್ತದೆ. ಮುಚ್ಚಿದ ಪಾತ್ರೆ ಅಂಗಡಿಯಲ್ಲಿ ಯಾರೋ ಹೋಟೆಲು ತೆಗೆಯಲು ಬರುತ್ತಾರೆ. ನಿಯಮ ಪುಸ್ತಕದಲ್ಲಿ ಹೋಟೆಲಿಗೆ ಅಂಗಡಿಗಿಂತ ಜಾಸ್ತಿ ಪಾರ್ಕಿಂಗ್ ಬೇಕು ಅಂತಿರುತ್ತದೆ. ನೂರು ವರ್ಷದ ಕಟ್ಟಡಕ್ಕೆ ಹೊಸ ಪಾರ್ಕಿಂಗ್ ಎಲ್ಲಿಂದ ತರುವುದು? ಅರ್ಜಿ ತಿರಸ್ಕಾರವಾಗುತ್ತದೆ, ಇಲ್ಲವೇ ವಿನಾಯಿತಿಗಾಗಿ ತಿಂಗಳುಗಟ್ಟಲೆ ಅಲೆಯಬೇಕು. ಬಾಗಿಲು ಮುಚ್ಚಿಯೇ ಇರುತ್ತದೆ. ನಿಮ್ಮ ಪೇಟೆಯ ಖಾಲಿ ಅಂಗಡಿಗಳಲ್ಲಿ ಎಷ್ಟು ಈ ಕಾರಣಕ್ಕೆ ಖಾಲಿ ಇವೆ ಎಂದು ಆಡಳಿತವನ್ನು ಕೇಳಿ.

ಇದನ್ನು ಬಿಟ್ಟ ನಗರಗಳು ಈಗ ಬಹಳ ಇವೆ. ಲಂಡನ್ 2004ರಲ್ಲಿ ಕನಿಷ್ಠ ಮಿತಿ ಬಿಟ್ಟು ಗರಿಷ್ಠ ಮಿತಿ ಹಾಕಿತು. ಅಮೆರಿಕದ ಬಫಲೋ ನಗರ ಮತ್ತು ಮೆಕ್ಸಿಕೊ ಸಿಟಿ 2017ರಲ್ಲಿ ಕನಿಷ್ಠ ನಿಯಮ ಕೈಬಿಟ್ಟವು. ನ್ಯೂಜಿಲೆಂಡ್ 2020ರಲ್ಲಿ ತನ್ನ ನಗರ ಆಡಳಿತಗಳಿಗೆಲ್ಲ ಇವನ್ನು ತೆಗೆಯಿರಿ ಎಂದು ರಾಷ್ಟ್ರಮಟ್ಟದಲ್ಲೇ ಹೇಳಿತು. ಕಡ್ಡಾಯ ತೆಗೆದರೆ ಪಾರ್ಕಿಂಗ್ ಮಾಯವಾಗುವುದಿಲ್ಲ. ಕಟ್ಟುವವರು ತಮಗೆ ಬೇಕಾದಷ್ಟು ಕಟ್ಟಿಕೊಳ್ಳುತ್ತಾರೆ.

ಆದರೆ ರಸ್ತೆ ಬದಿಯ ಪಾರ್ಕಿಂಗನ್ನು ಹಿಡಿತಕ್ಕೆ ತರಲೇಬೇಕು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ಹಳೆಯ ಪೇಟೆ ಒಂದು ಕಾಲಕ್ಕೆ ತೀರಾ ಹಾಳುಬಿದ್ದಿತ್ತು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವುದು ಪುಕ್ಕಟೆ. ಅಂಗಡಿಯವರು, ಕೆಲಸದವರೇ ಆ ಜಾಗಗಳಲ್ಲಿ ಇಡೀ ದಿನ ಕಾರು ನಿಲ್ಲಿಸುತ್ತಿದ್ದರು. 1993ರಲ್ಲಿ ನಗರ ಮೀಟರ್ ಹಾಕಿತು. ವ್ಯಾಪಾರಿಗಳು ಮೊದಲು ಒಪ್ಪಲಿಲ್ಲ. ಮೀಟರಿನ ಹಣ ಇದೇ ಬೀದಿಗೆ ಖರ್ಚಾಗುತ್ತದೆ ಎಂದ ಮೇಲೆ ಒಪ್ಪಿದರು. ಆ ಹಣದಿಂದ ಫುಟ್‌ಪಾತ್, ಮರ, ದೀಪ, ಹಿಂದಿನ ಗಲ್ಲಿಗಳ ದುರಸ್ತಿ ಎಲ್ಲ ಆಯಿತು. ಸ್ವಂತ ಸೈಟಿನಲ್ಲಿ ಪಾರ್ಕಿಂಗ್ ಕೊಡಲಾಗದ ಹಳೆಯ ಕಟ್ಟಡಗಳಿಗೆ, ಸಣ್ಣ ಶುಲ್ಕ ಕಟ್ಟಿ ಸಾರ್ವಜನಿಕ ಪಾರ್ಕಿಂಗ್ ಕಟ್ಟಡದಲ್ಲಿ ಲೆಕ್ಕ ತೋರಿಸಲು ಅವಕಾಶ ಕೊಟ್ಟರು. ಹಳೆಯ ಕಟ್ಟಡಗಳು ಉಳಿದು, ಒಳಗಿನ ಬಳಕೆ ಮಾತ್ರ ಬದಲಾಯಿತು. ನನ್ನ ಕಣ್ಣಿಗೆ ಇದು ಪೇಟೆ ಉಳಿಸಿದ ಅತಿ ಅಗ್ಗದ ಉಪಾಯಗಳಲ್ಲೊಂದು.

ಇನ್ನು ರಸ್ತೆ. ನಿಮ್ಮ ಕರಡಿನಲ್ಲಿ ರಸ್ತೆ ಇಲ್ಲದಿರುವುದಕ್ಕೆ ಕಾರಣ ಊಹಿಸಬಹುದು. ಮುಖ್ಯ ರಸ್ತೆಗಳು ಬಹಳಷ್ಟು ಕಡೆ ಸ್ಥಳೀಯ ಆಡಳಿತದ ಕೈಯಲ್ಲಿ ಇರುವುದಿಲ್ಲ. ರಾಜ್ಯದ ಅಥವಾ ರಾಷ್ಟ್ರದ ರಸ್ತೆ ಇಲಾಖೆಯ ಕೈಯಲ್ಲಿರುತ್ತವೆ. ಅವರಿಗೆ ಅದು ವಾಹನ ಸಾಗಿಸುವ ಮಾರ್ಗ. ನಿಮಗೆ ಅದು ಪೇಟೆ. ಕಟ್ಟಡದ ನಿಯಮ ಒಂದು ಕಚೇರಿಯಲ್ಲಿ, ರಸ್ತೆಯ ವಿನ್ಯಾಸ ಇನ್ನೊಂದು ಕಚೇರಿಯಲ್ಲಿ ಆಗುವವರೆಗೆ ಯಾವ ಯೋಜನೆಯೂ ಪೂರ್ತಿಯಾಗುವುದಿಲ್ಲ.

ಕರಡಿನ ನಕ್ಷೆಯಲ್ಲಿ ರಸ್ತೆ ಅಗಲೀಕರಣದ ಗೆರೆ ಇದೆಯಾ ಎಂದು ಮೊದಲು ನೋಡಿ. ಇದ್ದರೆ ಅದು ಎತ್ತರಕ್ಕಿಂತ ದೊಡ್ಡ ವಿಷಯ. ಗೆರೆ ಎಳೆದು ದಶಕಗಟ್ಟಲೆ ಅಗಲ ಮಾಡದೆ ಬಿಟ್ಟರೆ ಗೆರೆಯೊಳಗಿನ ಅಂಗಡಿಗಳಿಗೆ ಸಾಲ ಸಿಗುವುದಿಲ್ಲ, ದುರಸ್ತಿಯಾಗುವುದಿಲ್ಲ. ಒಬ್ಬರು ಹಿಂದೆ ಸರಿದು ಹೊಸದು ಕಟ್ಟಿದರೆ, ಪಕ್ಕದವರು ಹಳೆಯದರಲ್ಲೇ ಉಳಿದರೆ, ಸಾಲು ಹಲ್ಲುದುರಿದ ಬಾಯಿಯಂತಾಗುತ್ತದೆ. ಅಗಲ ಬೇಕಾ ಬೇಡವಾ ಈಗಲೇ ತೀರ್ಮಾನಿಸಿ, ಬೇಡವಾದರೆ ಗೆರೆ ಅಳಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಬೆಳಿಗ್ಗೆ ಸಂಜೆ ರಸ್ತೆ ಬದಿಯ ಲೇನಿನಲ್ಲಿ ನಿಲ್ಲಿಸುವಂತಿಲ್ಲ ಅನ್ನುವ ನಿಯಮವೂ ವ್ಯಾಪಾರಕ್ಕೆ ಪೆಟ್ಟು. ಜನ ಕೆಲಸ ಮುಗಿಸಿ ಸಾಮಾನು ಕೊಳ್ಳುವ ಹೊತ್ತಿಗೇ ನಿಲ್ಲಲು ಜಾಗವಿಲ್ಲ. ಅದಕ್ಕಿಂತ ಕೆಟ್ಟದ್ದು, ಫುಟ್‌ಪಾತಿನ ಪಕ್ಕದಲ್ಲೇ ವಾಹನ ರಭಸದಿಂದ ಓಡುತ್ತದೆ. ನಿಂತ ಕಾರುಗಳ ಸಾಲು, ಮರಗಳ ಸಾಲು ಇದ್ದರೆ ನಡೆಯುವವರಿಗೆ ಒಂದು ಅಡ್ಡ ಇರುತ್ತದೆ.

ವಾಹನಗಳ ಗದ್ದಲ ಮನೆಗಳ ಮೇಲೂ ಬೀಳುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ದಿನಕ್ಕೆ 20,000ಕ್ಕಿಂತ ಹೆಚ್ಚು ವಾಹನ ಓಡುವ ರಸ್ತೆ ಪಕ್ಕದ ಹೊಸ ಮನೆಗಳಲ್ಲಿ ರಾತ್ರಿ ಮಲಗುವ ಕೋಣೆಯೊಳಗೆ 35 ಡೆಸಿಬೆಲ್, ಉಳಿದ ವಾಸದ ಕೋಣೆಗಳಲ್ಲಿ 40 ಡೆಸಿಬೆಲ್ ಮೀರಬಾರದು ಅನ್ನುವ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಬಿಲ್ಡರ್ ಇದನ್ನು ದಪ್ಪ ಗಾಜು ಹಾಕಿ, ಕಿಟಕಿ ಮುಚ್ಚಿ ಪಾಲಿಸುತ್ತಾರೆ. ಆಗ ಗಾಳಿ ಬೇಕಾದರೆ ಸದ್ದು, ಸದ್ದು ಬೇಡವಾದರೆ ಏಸಿ. ಪ್ರತಿ ಮನೆಗೂ ಮುಂದೆ ಹಿಂದೆ ಎರಡೂ ಕಡೆ ತೆರೆದ ಮುಖವಿರಬೇಕು, ಮಲಗುವ ಕೋಣೆ ಹಿಂದಿನ ಕಡೆ ಇರಬೇಕು ಎಂದು ನಿಯಮವೇ ಹೇಳಿದರೆ ಈ ಕಷ್ಟ ಬಹುಮಟ್ಟಿಗೆ ತೀರುತ್ತದೆ. ಕಟ್ಟಡದ ದಪ್ಪ ಕಡಿಮೆಯಿದ್ದರೆ ಮಾತ್ರ ಇದು ಸಾಧ್ಯ. ಅದಕ್ಕೇ ಸೈಟಿನ ಆಳದ ಬಗ್ಗೆ ಅಷ್ಟು ಹೇಳಿದ್ದು.

ರಸ್ತೆಯನ್ನೇ ಬದಲಾಯಿಸಿದ ಊರುಗಳೂ ಇವೆ. ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್ ತನ್ನ ಮುಖ್ಯ ಬುಲೆವಾರ್ಡಿನ ಒಂಬತ್ತು ಬ್ಲಾಕ್‌ಗಳಲ್ಲಿ ಲೇನುಗಳನ್ನು ಎರಡಕ್ಕೆ ಇಳಿಸಿ, ನಡುವೆ ಮರಗಳಿರುವ ಅಗಲ ಪಟ್ಟಿ ಮಾಡಿತು. ಆ ಪಟ್ಟಿ ಮಾಮೂಲು ದಿನ ಪಾರ್ಕಿಂಗ್, ಸಂತೆಯ ದಿನ ಸಂತೆ. ಕೆಲಸ ಮುಗಿದದ್ದು 2010ರಲ್ಲಿ. ಊರಿನ ಕೇಂದ್ರ ಭಾಗಕ್ಕೆ ರೂಪ ಆಧರಿತ ಕಟ್ಟಡ ನಿಯಮ ಅದಕ್ಕೂ ಮೊದಲೇ ಬಂದಿತ್ತು. ರಸ್ತೆ ಮತ್ತು ಕಟ್ಟಡ ಒಂದೇ ಯೋಜನೆಯ ಭಾಗವಾಗಿದ್ದವು. ಇಂಗ್ಲೆಂಡಿನ ಪಾಯಿಂಟನ್ ಊರು 2012ರಲ್ಲಿ ತನ್ನ ಜನನಿಬಿಡ ಜಂಕ್ಷನ್ನಿನ ಸಿಗ್ನಲ್ ತೆಗೆದು, ವಾಹನಗಳು ನಿಧಾನವಾಗಿ ಸರಿದುಹೋಗುವ ಚೌಕ ಮಾಡಿತು. ವಾಹನವೂ ನಡೆಯುವವರೂ ಹಂಚಿಕೊಳ್ಳುವ ಅಂಥ ಜಾಗಗಳ ಬಗ್ಗೆ ದೃಷ್ಟಿಹೀನರ ಆತಂಕ ನಿಜವಾದದ್ದು, ಹಾಗಾಗಿ ಅದನ್ನು ಎಲ್ಲ ಕಡೆ ನಕಲು ಮಾಡಿ ಅನ್ನಲಾರೆ. ಆದರೆ 100 ಮೀಟರಿಗೊಂದು ದಾಟುವ ಜಾಗ, ಪೇಟೆಯ ತುಂಡಿನಲ್ಲಿ 30 ಕಿಲೋಮೀಟರ್ ವೇಗಮಿತಿ, ಇವೆರಡನ್ನು ಎಲ್ಲಿ ಬೇಕಾದರೂ ಕೇಳಬಹುದು.

ಬೈಪಾಸ್ ಅಥವಾ ಸುರಂಗ ಬರುತ್ತದೆ, ಆಗ ರಸ್ತೆ ತಾನಾಗಿಯೇ ಶಾಂತವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ಯಾರಮಟ್ಟಾ ರಸ್ತೆಯ ವಾಹನಗಳಿಗೆ ಪರ್ಯಾಯವಾಗಿ ಎಂ4 ಈಸ್ಟ್ ಸುರಂಗ 2019ರಲ್ಲಿ ತೆರೆಯಿತು. ಖಾಲಿಯಾದ ಲೇನನ್ನು ಬಸ್ಸಿಗೋ ಫುಟ್‌ಪಾತಿಗೋ ಮರಕ್ಕೋ ಕೊಡದಿದ್ದರೆ ಅಲ್ಲಿಗೆ ಬೇರೆ ವಾಹನ ಬಂದು ತುಂಬುತ್ತದೆ. ಆ ಹಂಚಿಕೆಯನ್ನು ಸುರಂಗದ ಒಪ್ಪಿಗೆಯಲ್ಲೇ ಬರೆಸಬೇಕು.

ಎರಡು ವಿಷಯ ಚುಟುಕಾಗಿ. ಊರಾಚೆ ಹೆದ್ದಾರಿ ಬದಿಯಲ್ಲಿ ದೊಡ್ಡ ಮಾಲ್‌ಗೆ ಅನುಮತಿ ಕೊಡುತ್ತಾ ಪೇಟೆ ಉಳಿಸಲು ಆಗದು. ಇಂಗ್ಲೆಂಡಿನಲ್ಲಿ ಹೊಸ ಮಳಿಗೆ ಮೊದಲು ಪೇಟೆಯೊಳಗೆ, ಅಲ್ಲಿ ಜಾಗವಿಲ್ಲದಿದ್ದರೆ ಪೇಟೆಯ ಅಂಚಿನಲ್ಲಿ, ಕೊನೆಗೆ ಊರಾಚೆ ಅನ್ನುವ ಸರದಿ ಪರೀಕ್ಷೆ 1990ರ ದಶಕದಿಂದ ಇದೆ. ನಿಮ್ಮ ಯೋಜನೆಯಲ್ಲೂ ಕೇಳಿ. ಎರಡನೆಯದು, ಈಗಿರುವ ವ್ಯಾಪಾರಿಗಳು ಸಂಘಟಿತರಾಗಬೇಕು. ಟೊರಾಂಟೊದ ಬ್ಲೋರ್ ವೆಸ್ಟ್ ವಿಲೇಜ್ ವ್ಯಾಪಾರಿಗಳು 1970ರಲ್ಲಿ ತಾವೇ ಒಂದು ತೆರಿಗೆ ಹಾಕಿಕೊಂಡು ಬೀದಿ ಸುಧಾರಣೆಗೆ ಇಳಿದರು. ಹೊಸ ಮೆಟ್ರೊ ಮತ್ತು ಮಾಲ್‌ಗಳು ಅವರ ಗಿರಾಕಿಗಳನ್ನು ಸೆಳೆದುಕೊಂಡಿದ್ದ ಕಾಲ ಅದು. ಜಗತ್ತಿನ ಮೊದಲ ವ್ಯಾಪಾರ ಸುಧಾರಣಾ ವಲಯ ಎಂದು ಅದಕ್ಕೆ ಹೆಸರು.

ಆಕ್ಷೇಪಣೆಯಲ್ಲಿ ಎತ್ತರ ಬೇಡ ಎಂದು ಬರೆದರೆ ನಿಮ್ಮ ಪತ್ರ ಅಂಥದ್ದೇ ನೂರು ಪತ್ರಗಳ ಜೊತೆ ಸೇರಿಹೋಗುತ್ತದೆ. ಬದಲಿಗೆ ಕೆಲಸ ಕೊಡಿ. ನಮ್ಮ ಬೀದಿಯ ಮೂರು ನಿಜವಾದ ಸೈಟು, ಒಂದು ಸಣ್ಣದು, ಒಂದು ಮಧ್ಯಮ, ಒಂದು ಮೂಲೆಯದು, ಇವುಗಳ ಮೇಲೆ ನಿಮ್ಮ ನಿಯಮದ ಪ್ರಕಾರ ಕಟ್ಟಡ ಬಿಡಿಸಿ ತೋರಿಸಿ, ಖರ್ಚು ಹುಟ್ಟುತ್ತದಾ ಎಂದು ಲೆಕ್ಕ ಕೊಡಿ ಎಂದು ಕೇಳಿ. ಅಂಗಡಿ ಕಡ್ಡಾಯದ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂದು ನಕ್ಷೆಯ ಮೇಲೆ ನೀವೇ ಗೆರೆ ಹಾಕಿ ಲಗತ್ತಿಸಿ. ನೆಲಮಹಡಿಯ ಎತ್ತರ, ಬಾಗಿಲುಗಳ ಅಂತರ, ಹಿಂದಿನ ಗಲ್ಲಿಯಿಂದ ವಾಹನ ಪ್ರವೇಶ, ಇವು ಸಲಹೆಯ ಪುಟದಲ್ಲಿ ಇರಬಾರದು, ಕಡ್ಡಾಯದ ಪುಟದಲ್ಲಿ ಇರಬೇಕು ಎನ್ನಿ. ಹಿಂದೆ ಗಲ್ಲಿ ಇಲ್ಲದಿದ್ದರೆ ಹೊಸದಾಗಿ ಕಟ್ಟುವವರೆಲ್ಲ ಹಿಂಬದಿ ಒಂದು ಪಟ್ಟಿ ಬಿಟ್ಟುಕೊಡಬೇಕು, ಬಿಟ್ಟ ಜಾಗದ ಎಫ್‌ಎಆರ್ ಅವರಿಗೇ ಉಳಿಯಬೇಕು ಎಂದು ಸೂಚಿಸಿ. ಹಳೆಯ ಕಟ್ಟಡದ ಬಳಕೆ ಬದಲಾವಣೆಗೆ ಪಾರ್ಕಿಂಗ್ ಶರತ್ತು ಕೂಡಲೇ ತೆಗೆಯಲು ಹೇಳಿ. ಇದಕ್ಕೆ ಇಡೀ ಯೋಜನೆ ಮುಗಿಯುವವರೆಗೆ ಕಾಯಬೇಕಿಲ್ಲ.

ರಸ್ತೆ ಇಲಾಖೆಯ ಸಹಿ ಇರುವ ರಸ್ತೆಯ ಅಡ್ಡ ನಕ್ಷೆಯನ್ನು ಯೋಜನೆಗೆ ಲಗತ್ತಿಸಲು ಒತ್ತಾಯಿಸಿ. ಫುಟ್‌ಪಾತ್ ಎಷ್ಟು, ಮರದ ಪಟ್ಟಿ ಎಷ್ಟು, ಲೇನ್ ಎಷ್ಟು, ಎಲ್ಲ ಮೀಟರ್ ಲೆಕ್ಕದಲ್ಲಿ. ಬೋನಸ್ ಎಫ್‌ಎಆರ್ ಪಡೆದವರು ಮೂರು ಅಥವಾ ನಾಲ್ಕು ವರ್ಷದೊಳಗೆ ಕೆಲಸ ಶುರು ಮಾಡದಿದ್ದರೆ ಬೋನಸ್ ರದ್ದು ಅನ್ನುವ ಶರತ್ತನ್ನೂ ಸೇರಿಸಲು ಕೇಳಿ. ಜಾಗ ಹಿಡಿದು ಕಾಯುವವರ ಲೆಕ್ಕಾಚಾರ ಅದರಿಂದ ಬದಲಾಗುತ್ತದೆ. ಪತ್ರಕ್ಕೆ ಅಂಗಡಿಯವರ ಸಹಿಯನ್ನೂ ಹಾಕಿಸಿ, ಮಾಲೀಕರದ್ದು ಮಾತ್ರ ಅಲ್ಲ, ಬಾಡಿಗೆಗೆ ಇರುವವರದ್ದೂ. ಆಕ್ಷೇಪಣೆ ಸಲ್ಲಿಸಿದ ಮೇಲೆ ಸ್ವೀಕೃತಿ ಪಡೆದು, ಪ್ರತಿ ಅಂಶಕ್ಕೂ ಲಿಖಿತ ಉತ್ತರ ಕೇಳಿ.